ಹೊಸ ಟೈರು ಮುಂದಕ್ಕೆ

ಲಾರಿಯ ಟ್ಯೂಬನ್ನು ಕಲ್ಲಿನ ಬಾನಿಯ ನೀರಿನಲ್ಲಿ ಅದ್ದಿ ಗೇಣುಗೇಣಾಗಿ ತಿರುಗಿಸುತ್ತಿದ್ದೆ. ಅಮ್ಮ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಬ್ಬಾನ ತಾಯಿ, ನಮ್ಮ ದಾದಿ, ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೂವರೂ ಮಾತಾಡಲಿಲ್ಲ. ಟ್ಯೂಬಿನ ಒಂದು ಕಡೆ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಬೆರಳಿಟ್ಟು ಹಿಡಿದೆ, ಬಟ್ಟೆಯಿಂದ ಒರೆಸಿದೆ, ಸೀಮೆಸುಣ್ಣದಿಂದ ಸುತ್ತು ಹಾಕಿದೆ, ಗೋಣಿತಟ್ಟಿನ ಪರದೆಯ ಕೆಳಗಿಂದ ಆಚೆ ನೂಕಿದೆ. ಆಚೆಯಿಂದ ಅಬ್ಬಾನ ಕೈ ಬಂದು ಎಳೆದುಕೊಂಡು ಹೋಯಿತು.

ಪರದೆಯ ಈಚೆ ಮನೆ, ಆಚೆ ಅಂಗಡಿ. ವಾಡಿಯ ರೈಲ್ವೆ ಗೇಟಿನ ಹತ್ತಿರ ಫಕೀರಸಾಬನ ಟೈರಿನ ಅಂಗಡಿ ಎಂದರೆ ಶಹಾಬಾದದಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿಕೊಂಡು ಬರುವ ಎಲ್ಲ ಲಾರಿಯವರಿಗೂ ಗೊತ್ತು. ಟ್ಯೂಬಿನ ತೂತು ಹುಡುಕುವುದು ಅವನ ಮಗಳು ಎಂಬುದು ಗೊತ್ತಿರಲಿಲ್ಲ. ಏಳನೆಯ ಇಯತ್ತೆ ಮುಗಿದ ವರ್ಷ ಅಬ್ಬಾ ನನ್ನನ್ನು ಸಾಲೆ ಬಿಡಿಸಿದ. ಮನೆಯಲ್ಲಿ ಓದಲು ಬರುವುದು ನನಗೊಬ್ಬಳಿಗೇ. ಪಾರ್ಸೆಲ್ ಚೀಟಿ ಬಂದರೆ, ಕಾಗದ ಬಂದರೆ ಪರದೆಯ ಕೆಳಗಿಂದ ಒಳಗೆ ಬರುತ್ತಿತ್ತು. ಓದಿ ಹೇಳಿ ಹೊರಗೆ ನೂಕುತ್ತಿದ್ದೆ. ಟ್ಯೂಬಿನ ಹಾಗೆಯೇ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಳೆಗಾಲ ಅದು. ನನ್ನ ಅಣ್ಣ ಬಂದೇನವಾಜ್ ನಾಲ್ಕು ದಿನದಿಂದ ಅಂಗಡಿಗೆ ಕಾಲಿಟ್ಟಿರಲಿಲ್ಲ. ಅದಕ್ಕೇ ಮನೆಯಲ್ಲಿ ಆ ಮೌನ.

ಮಧ್ಯಾಹ್ನ ರೊಟ್ಟಿ ಹಾಕುವ ಹೊತ್ತಿಗೆ ಅವನು ಬಂದ. ಅಂಗಿಯ ತೋಳು ಮಡಚಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ.

"ಬರ್ರಿ ನವಾಬಸಾಹೇಬ," ದಾದಿ ಅಂದಳು. "ಹಾದಿ ಮರ್ತಿದ್ದಿಲ್ಲಲ್ಲ?"

"ದಾದಿ, ಎರಡು ಸೀಟಿನ ಗಾಡಿ ಎಂದಾದ್ರೂ ನೋಡಿದ್ಯೇನು? ಮ್ಯಾಲ ಛಪ್ಪರಿಲ್ಲ. ಬಾಗಿಲು ಮೊಣಕಾಲಷ್ಟು. ಕುಂತ್ರ ಕುಂಡಿ ನೆಲಕ್ಕ ಹತ್ತಂಗ ಇರ್ತದ."

"ಮ್ಯಾಲ ಛಪ್ಪರಿಲ್ಲ, ಬಾಗಿಲಿಲ್ಲ ಅಂದ್ರ ನಮ್ಮ ಕೊಟಿಗಿನೂ ಹಂಗೇ ಅದ. ಅದಕ್ಕ ನಾಕು ದಿನ ಮನಿ ಬಿಟ್ಟು ಯಾಕ ಹೋಗಬೇಕಿತ್ತು?"

ಅಬ್ಬಾ ಕೈ ತೊಳೆದು ಬಂದು ಕುಳಿತ. ಅಣ್ಣನ ಕಡೆ ನೋಡದೆ ಅಮ್ಮನಿಗೆ ಹೇಳಿದ: "ಹಸೀನಾ, ಅಂಗಡಿಯಾಗ ಐದು ಟೈರ್ ಬಿಚ್ಚಿ ಬಿದ್ದಾವ ಅಂತ ಹೇಳು ಅವನಿಗೆ."

"ನಿಮ್ಮ ಅಬ್ಬಾ ಹೇಳ್ಲಿಕತ್ತಾರ," ಅಮ್ಮ ಅಂದಳು.

"ಕೇಳ್ತು. ಜಗದೇವಪ್ಪ ಸಾಹುಕಾರ್ರು ನನ್ನ ಡ್ರೈವರ್ ಅಂತ ಇಟ್ಕೋತೀನಿ ಅಂದಾರ. ಜೀವನಪೂರ್ತಿ ಟಾಮಿ ಹೊಡ್ಕೋತ ಕುಂದ್ರಂಗಿಲ್ಲ ನಾ."

ಟಾಮಿ ಎಂದರೆ ರಿಮ್ಮಿನಿಂದ ಟೈರು ಎಬ್ಬಿಸುವ ಕಬ್ಬಿಣದ ಪಟ್ಟಿ. ಅಬ್ಬಾನ ಎರಡೂ ಅಂಗೈ ಅದರಿಂದಲೇ ಗಟ್ಟಿಯಾಗಿದ್ದವು. ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ. ಅಮ್ಮ ಆ ಅರ್ಧವನ್ನು ಅಣ್ಣನ ತಾಟಿಗೆ ಹಾಕಿದಳು. ಅವನು ತಿಂದ.

ಮರುದಿನ ಆ ಗಾಡಿ ನಮ್ಮ ಅಂಗಡಿಯ ಮುಂದೆಯೇ ಬಂದು ನಿಂತಿತು. ಪರದೆಯಲ್ಲಿ ಎರಡು ಬೆರಳಗಲದ ಹರಕು ಇತ್ತು, ಅಲ್ಲಿಂದ ನೋಡಿದೆ. ಕೆಂಪು ಬಣ್ಣ, ಉದ್ದ ಮೂತಿ, ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಗಾಲಿ. ಸಿಮೆಂಟ್ ಕಾರ್ಖಾನೆಯಲ್ಲಿದ್ದ ಇಂಗ್ಲಿಷ್ ಸಾಹೇಬನೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದದ್ದು. ಇಪ್ಪತ್ತು ವರ್ಷ ಗೋದಾಮಿನಲ್ಲಿ ಧೂಳು ತಿಂದಿತ್ತು. ಶಹಾಬಾದದ ಕಲ್ಲಿನ ಕಾರ್ಖಾನೆಯ ಜಗದೇವಪ್ಪ ಸಾಹುಕಾರ ಅದನ್ನು ಕೊಂಡಿದ್ದ. ಮೂವತ್ತರ ವಯಸ್ಸು, ಬಿಳಿ ಬೂಟು, ಕಪ್ಪು ಕನ್ನಡಕ. ಪಕ್ಕದ ಸೀಟಿನಲ್ಲಿ ಅಣ್ಣ ಕುಳಿತಿದ್ದ.

"ಫಕೀರಸಾಬ, ಟೈರ್ ಬೇಕು ಇದಕ್ಕ. ಜೋರ್ ಓಡೂ ಟೈರ್."

"ಎಷ್ಟು ಜೋರ್ ರೀ?"

"ಪ್ಯಾಸೆಂಜರ್ ರೈಲು ಹಿಂದ ಬೀಳಬೇಕು, ಅಷ್ಟು."

ಕಾರ್ಖಾನೆಯ ಕಂಟ್ರಾಕ್ಟರನೊಬ್ಬನ ಜೊತೆ ಅವನು ಪಂಥ ಕಟ್ಟಿದ್ದ. ಎರಡು ವಾರ ಬಿಟ್ಟು ಬರುವ ಭಾನುವಾರ ಮಧ್ಯಾಹ್ನ ವಾಡಿಯಲ್ಲಿ ಗಾರ್ಡು ಹಸಿರು ನಿಶಾನೆ ತೋರಿಸಿದಾಗ ಗಾಡಿ ಬಿಡಬೇಕು. ಚಿತ್ತಾಪುರ, ಮಳಖೇಡ ದಾಟಿ, ರೈಲು ಬರುವುದರೊಳಗೆ ಸೇಡಂ ಸ್ಟೇಶನ್ ಮುಟ್ಟಬೇಕು.

ಅಬ್ಬಾ ನಾಲ್ಕೂ ಟೈರಿನ ಮೇಲೆ ಕೈ ಆಡಿಸಿದ. ಮುಂದಿನ ಎರಡು ಬೋಳಾಗಿದ್ದವು. ಹಿಂದಿನ ಎರಡರಲ್ಲಿ ಗೆರೆ ಉಳಿದಿತ್ತು, ಆದರೆ ರಬ್ಬರು ಬಿಗಿದು ಕಲ್ಲಾಗಿತ್ತು. ಅಬ್ಬಾ ಅಂಕಿ ಓದುವವನಲ್ಲ. ಟೈರಿನ ಸುತ್ತ ಹುರಿ ಸುತ್ತಿ ಗಂಟು ಹಾಕಿದ, ರಿಮ್ಮಿನ ಅಗಲ ಗೇಣಿನಿಂದ ಅಳೆದ. ಮೊದಲು ಜೀಪಿನ ಟೈರು ತಂದು ನೋಡಿದ, ರಿಮ್ಮಿಗೆ ಹೊಂದಲೇ ಇಲ್ಲ. ಆಮೇಲೆ ಅಂಬಾಸಿಡರ್ ಗಾಡಿಯದು. ಅದು ರಿಮ್ಮಿನ ಮೇಲೆ ಸರಿಯಾಗಿ ಕೂತಿತು. ಅಣ್ಣ ಸ್ಟೇರಿಂಗ್ ತಿರುಗಿಸಿದ ಕೂಡಲೇ ಮಡಗಾರ್ಡಿಗೆ ಉಜ್ಜಿ ಕರ್ರ್ ಎಂದಿತು.

"ಮಡಗಾರ್ಡ್ ಬಡದು ಹಿಗ್ಗಸು," ಸಾಹುಕಾರ ಅಂದ.

"ಟೈರ್ ಸಲುವಾಗಿ ಗಾಡಿ ಕೊಯ್ಯೂದೇನ್ರಿ? ನನ್ನ ಕೈಲೆ ಆಗಂಗಿಲ್ಲ."

ಅಣ್ಣ ನಡುವೆ ಬಾಯಿ ಹಾಕಿದ: "ಅಬ್ಬಾಗ ಬಂಡಿ ಗಾಲಿ ಬಿಟ್ರ ಬ್ಯಾರೆ ಗೊತ್ತಿಲ್ಲ ಸಾಹುಕಾರ್ರ. ಮುಂಬೈಲಿಂದ ತರ್ಸ್ರಿ. ಅಲ್ಲಿ ವಿಲಾಯತಿ ಟೈರ್ ಸಿಗ್ತಾವ, ರೇಡಿಯಲ್ ಅಂತಾರ."

ಹೆತ್ತ ಮಗ ನಾಲ್ಕು ಜನರ ಎದುರು ಹಾಗೆ ಅಂದ. ಅಬ್ಬಾ ಅಂಬಾಸಿಡರ್ ಟೈರನ್ನು ಬಿಚ್ಚಿ ಗೋಡೆಗೆ ಒಗೆದ. ಅದು ಪುಟಿದು ಬಂದು ಪರದೆಗೆ ಬಡಿಯಿತು. ನಾನು ಹಿಂದೆ ಸರಿದೆ.

ಹತ್ತು ದಿನ ಅಪ್ಪ ಮಗ ಊಟಕ್ಕೆ ಹಾಸಿದ ಒಂದೇ ದಸ್ತರಖಾನದಲ್ಲಿ ಕೂಡಲಿಲ್ಲ. ಅಮ್ಮ ಎರಡು ಸಲ ಬಡಿಸಿದಳು, ನಾನು ಎರಡು ಸಲ ಪಾತ್ರೆ ತೊಳೆದೆ. ಎಷ್ಟು ತೊಳೆದರೂ ಸಿಮೆಂಟಿನ ಬೂದಿ ಮತ್ತೆ ಕೂಡುತ್ತಿತ್ತು. ಅಣ್ಣ ಆ ಗಾಡಿಯ ಗಾಲಿಗಳನ್ನು ಮನೆಗೆ ತಂದು ಹಿತ್ತಲಲ್ಲಿ ಕಡ್ಡಿಗಳ ತುದಿ ಅರದಿಂದ ತಿಕ್ಕಿದ. ಟ್ಯೂಬಿಗೆ ಚುಚ್ಚಬಾರದೆಂದು ಒಳಗೆ ರಬ್ಬರಿನ ಪಟ್ಟಿ ಕೂಡಿಸಿದ. ನಾನು ಹಿಡಿದುಕೊಂಡೆ. ಕೆಲಸ ಮಾಡುವಾಗ ಅವನು ಒಳ್ಳೆಯವನಾಗಿರುತ್ತಿದ್ದ.

"ಸೇಡಮ್ಮಿಗೆ ಮೊದಲು ಮುಟ್ಟಿದ್ರ ಸಾಹುಕಾರ್ರು ನಂಗ ಕಾಯಂ ಮಾಡ್ತಾರ ತಾಜು. ನೌಕರಿ. ತಿಂಗಳ ಪಗಾರ."

"ನೀ ಓಡಸ್ತೀಯೇನು?"

"ಅವರೇ ಓಡಸ್ತಾರ. ನಾ ಬಾಜೂಕ ಕುಂದ್ರತೀನಿ. ದಾರಿಮ್ಯಾಗ ಏನರೆ ಆದ್ರ ಗಾಲಿ ಬದ್ಲಿ ಮಾಡ್ಲಿಕ್ಕ."

ಪಂಥದ ಭಾನುವಾರಕ್ಕೆ ನಾಲ್ಕು ದಿನ ಇರುವಾಗ ಸ್ಟೇಶನ್ನಿಗೆ ಮುಂಬೈಯಿಂದ ಪಾರ್ಸೆಲ್ ಬಂತು. ನಾಲ್ಕು ಟೈರು ಬರಬೇಕಿತ್ತು, ಎರಡೇ ಬಂದಿದ್ದವು. ಉಳಿದೆರಡು ಮುಂದಿನ ಹಡಗಿಗೆ ಎಂದು ಚೀಟಿಯಲ್ಲಿ ಬರೆದಿತ್ತು, ನಾನೇ ಓದಿ ಹೇಳಿದೆ. ಕಪ್ಪಗೆ ಹೊಳೆಯುವ ಟೈರುಗಳು. ಪರದೆಯ ಕೆಳಗಿಂದ ಕೈ ಚಾಚಿ ಒತ್ತಿ ನೋಡಿದೆ. ಪಕ್ಕದ ಗೋಡೆ ಮೆತ್ತಗೆ, ನೆಲ ಮುಟ್ಟುವ ಭಾಗ ಗಟ್ಟಿ. ನಮ್ಮ ಕಡೆಯ ಟೈರು ಹೀಗಿರುವುದಿಲ್ಲ, ಎಲ್ಲ ಕಡೆ ಒಂದೇ ಬಿಗಿ. ಟೈರಿನೊಳಗೆ ಮಡಚಿದ ಒಂದು ಕಾಗದ ಇತ್ತು. ಅಬ್ಬಾ ಅದನ್ನು ಪರದೆಯ ಕೆಳಗೆ ನೂಕಿದ.

"ತಾಜು, ಏನದ ನೋಡು."

ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ. 'ಡೂ ನಾಟ್' ಎಂಬುದು ತಿಳಿಯಿತು, 'ಫ್ರಂಟ್' ಎಂಬುದು ತಿಳಿಯಿತು. ಉಳಿದದ್ದು ಚಿತ್ರದಲ್ಲಿತ್ತು. ಮೇಲಿನಿಂದ ನೋಡಿದ ಹಾಗೆ ಮೂರು ಗಾಡಿ ಬರೆದಿದ್ದರು. ಹೊಸ ನಮೂನೆಯ ಟೈರು ಕಪ್ಪು, ಹಳೆಯ ನಮೂನೆಯದು ಬಿಳಿ. ಮೊದಲ ಗಾಡಿಗೆ ನಾಲ್ಕೂ ಕಪ್ಪು, ಎದುರಿಗೆ ಸರಿ ಗುರುತು. ಎರಡನೆಯದಕ್ಕೆ ಹಿಂದೆ ಕಪ್ಪು, ಮುಂದೆ ಬಿಳಿ, ಅದಕ್ಕೂ ಸರಿ ಗುರುತು. ಮೂರನೆಯದಕ್ಕೆ ಮುಂದೆ ಕಪ್ಪು, ಹಿಂದೆ ಬಿಳಿ. ಅದರ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಕಾಟು ಹೊಡೆದಿದ್ದರು. ಬದಿಗೆ ಬಾಲ ತಿರುಗಿ ಹೊರಳುವ ಗಾಡಿಯ ಚಿತ್ರ.

ಎರಡು ಸಲ ನೋಡಿದೆ. ಆಮೇಲೆ ಪರದೆಯ ಹರಕಿಗೆ ಬಾಯಿ ಹಚ್ಚಿ ಅಂದೆ: "ಅಬ್ಬಾ, ಹೊಸಾವು ಮುಂದ ಹಾಕಬ್ಯಾಡಂತ ಬರದಾರ. ಎರಡೇ ಇದ್ರ ಹಿಂದ ಹಾಕಬೇಕಂತ. ಮುಂದ ಹಾಕಿದ್ರ ಗಾಡಿ ಬಾಲ ತಿರುಗ್ತದಂತ."

ಅಂಗಡಿಯಲ್ಲಿ ಸಾಹುಕಾರ ಇದ್ದ, ಅಣ್ಣ ಇದ್ದ, ಲಾರಿ ಡ್ರೈವರ್ ದಶರಥ ಚಹಾ ಕುಡಿಯುತ್ತ ಕುಳಿತಿದ್ದ. ಮೊದಲು ನಕ್ಕವನು ದಶರಥ.

"ಯಾರಪಾ ಇವರು, ಒಳಗಿಂದ ಮಾತಾಡೂರು? ಫಕೀರಸಾಬ, ನಿನ್ನ ಮಗಳು ಲಾರಿ ಯಾವಾಗ ಓಡ್ಸಿದಳು? ಮುಂದಿನ ಟೈರ್ ಒಡದ್ರ ಸ್ಟೇರಿಂಗ್ ಕೈಯಾಗ ನಿಲ್ಲಂಗಿಲ್ಲವ್ವಾ, ಸೀದಾ ಮ್ಯಾಲ. ಹಿಂದಿಂದು ಒಡದ್ರ ಬೀಡಿ ಹಚ್ಕೊಂಡು ಕೆಳಗ ಇಳೀತೀವಿ. ಹೊಸಾದು ಯಾವಾಗ್ಲೂ ಮುಂದ!"

"ಅದು ಲಾರಿಗೆ," ಅಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಹಿಂದ ಹಾಕಿದ್ರ ಯಾರಿಗೆ ಕಾಣ್ತಾವ?" ಸಾಹುಕಾರ ಅಂದ. "ಮುಂದ ಹಾಕು."

"ಬಾಯೋರ," ಅಣ್ಣ ಪರದೆಯ ಕಡೆ ತಿರುಗಿ ಸಾಲೆಯ ಹುಡುಗನ ಹಾಗೆ ಕೈ ಮುಗಿದ, "ಪಾಠ ಸಾಕ್ರಿ, ಗಂಟಿ ಹೊಡ್ರಿ." ಕೈ ಒಳಗೆ ಚಾಚಿ ಕಾಗದ ಕಸಿದುಕೊಂಡು, ಮಡಚಿ ಬೀಸಣಿಗೆ ಮಾಡಿ ಗಾಳಿ ಹಾಕಿಕೊಂಡ.

ಅಬ್ಬಾ ನಗಲಿಲ್ಲ. ಟಾಮಿ ಹಿಡಿದುಕೊಂಡು ಆ ಎರಡು ಟೈರನ್ನು ನೋಡುತ್ತ ನಿಂತ. ಅವನಿಗೆ ಅನುಮಾನ ಬಂದದ್ದನ್ನು ನಾನು ಕಂಡೆ. ಅವನು ಮುಂದಿನ ಗಾಲಿ ನೋಡಿದ, ಹಿಂದಿನ ಗಾಲಿ ನೋಡಿದ, ದಶರಥನ ಮುಖ ನೋಡಿದ. ಆಮೇಲೆ ಮುಂದಿನ ಗಾಲಿಗೆ ಜಾಕು ಕೊಟ್ಟ.

ಒಳಗೆ ಅಮ್ಮ ನನ್ನ ತೋಳು ಚಿವುಟಿದಳು. "ಪರಾಯಿ ಗಂಡಸರ ಮುಂದ ಧ್ವನಿ ತಗೀತೀ? ಎರಡು ಅಕ್ಷರ ಕಲ್ತದ್ದಕ್ಕ ಇಷ್ಟು?"

"ಓದು ಅಂದವರೇ ಅವರು, ಅಮ್ಮಾ."

"ಓದು ಅಂದ್ರ ಓದಬೇಕು. ಬುದ್ಧಿ ಹೇಳಬಾರ್ದು."

ಹೊಸ ಟೈರು ಎಷ್ಟು ಹವಾ ಹೊಡೆದರೂ ಪಕ್ಕ ಉಬ್ಬಿದ ಹಾಗೆಯೇ ಕಾಣುತ್ತಿತ್ತು. ಹವಾ ಕಡಿಮೆಯಾಗಿದೆ ಎಂದು ಅಬ್ಬಾ ಲಾರಿಯ ಲೆಕ್ಕದಲ್ಲಿ ಇನ್ನಷ್ಟು ಹೊಡೆದ.

ಅಂದು ಸಂಜೆ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕುಳಿತರು. ಗಾಡಿ ಸಿದ್ಧವಾದ ಖುಷಿಗೆ ಅಣ್ಣ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಅಮ್ಮನ ಮುಖ ಅರಳಿತ್ತು. ಅಂಥ ಹೊತ್ತಿನಲ್ಲಿ ಮಾತು ಎತ್ತಬಾರದಿತ್ತು. ಎತ್ತಿದೆ.

"ಅಬ್ಬಾ, ಉಳಿದೆರಡು ಬರೂತನಕ ಇವೆರಡು ಹಿಂದ ಹಾಕ್ರಿ. ಒಂದು ತಾಸಿನ ಕೆಲಸ. ನಾನೂ ಕೈ ಹಚ್ತೀನಿ."

"ಇಪ್ಪತ್ತೆರಡು ವರ್ಷ ಆತು ನಾ ಟೈರ್ ಹಾಕ್ಲಿಕತ್ತು," ಅಬ್ಬಾ ಅಂದ. "ಒಬ್ಬಂದಾದ್ರೂ ಗಾಡಿ ಪಲ್ಟಿ ಆಗ್ಯದೇನು?"

"ಇಂಥಾ ಟೈರ್ ಎಂದಾದ್ರೂ ಹಾಕೀರೇನು?"

ಮಿರ್ಚಿ ತಿನ್ನುತ್ತಿದ್ದ ಅಣ್ಣನ ಕೈ ನಿಂತಿತು. ಅಬ್ಬಾ ನೀರಿನ ಲೋಟವನ್ನು ನೆಲಕ್ಕೆ ಕುಕ್ಕಿದ, ನೀರು ದಸ್ತರಖಾನದ ಮೇಲೆ ಚೆಲ್ಲಿತು.

"ಒಂದಿನ ಹಿಂದ ಹಾಕಿ ನೋಡೋ ಫಕೀರಾ," ದಾದಿ ಅಂದಳು. "ಏನು ಹೋಗ್ತದ ನಿಂದು?"

"ಏನು ಹೋಗ್ತದಾ? ಫಕೀರಸಾಬ ಮಗಳ ಮಾತು ಕೇಳಿ ಟೈರ್ ಹಾಕ್ತಾನಂತ ದಶರಥ ಈಗಾಗ್ಲೇ ಗೇಟ್ ತನಕ ಹೇಳಿ ಬಂದಾನ. ನಾಳಿ ಲಾರಿಯವರು ಬಂದು, 'ಒಳಗಿನವರಿಗೆ ಕೇಳ್ಕೊಂಡು ಬಾ' ಅಂತಾರ ನನಗ."

"ಅಂದ್ರ ಅನ್ಲಿ."

"ನೀ ಸುಮ್ಮ ಕುಂದ್ರು, ಅಮ್ಮಾ," ಅಬ್ಬಾ ದಾದಿಗೆ ಅಂದ.

"ಟೈರ್ ಚಿಂತಿ ಬಿಡು, ತಾಜು," ಅಣ್ಣ ಅಂದ. "ಪಗಾರ ಬಂದ ಮ್ಯಾಲ ನಿನಗೊಂದು ಕನ್ನಡಕ ಕೊಡಸ್ತೀನಿ. ಬೋರ್ಡ್ ಮ್ಯಾಲ ಬರದು ಪಾಠ ಹೇಳೀಯಂತ."

ಎಲ್ಲರೂ ನಕ್ಕರು. ಅಪ್ಪ ಮಗ ಹದಿನೈದು ದಿನದ ಮೇಲೆ ಕೂಡಿ ನಕ್ಕದ್ದು ಆಗಲೇ. ನನ್ನ ಮೇಲೆ. ನಾನು ಚೆಲ್ಲಿದ ನೀರು ಒರೆಸಿದೆ.

ಭಾನುವಾರ ಬೆಳಿಗ್ಗೆಯಿಂದ ಮೋಡ ಕಟ್ಟಿತ್ತು. ಮಧ್ಯಾಹ್ನ ನಾಲ್ಕು ಹನಿ ಬಿದ್ದವು. ಕರಿಮಣ್ಣಿನ ಸೀಮೆಯ ರಸ್ತೆ ಜಾರಲು ನಾಲ್ಕು ಹನಿ ಸಾಕು. ಹೊಲದಿಂದ ಬಂದ ಬಂಡಿಗಳು ಗಾಲಿಗೆ ಹತ್ತಿದ ಮಣ್ಣನ್ನು ಡಾಂಬರಿನ ಮೇಲೆ ಉದುರಿಸಿ ಹೋಗಿರುತ್ತವೆ. ಹಿತ್ತಲ ಬಾಗಿಲಿನಿಂದ ಅಣ್ಣ ಹೊರಟಾಗ ಅವನ ತೋಳು ಹಿಡಿದೆ.

"ಮಳಿ ಬಂದದ. ಇವತ್ತು ಹೋಗಬ್ಯಾಡ. ಇಲ್ಲಾಂದ್ರ ಟೈರ್ ಬದ್ಲಿ ಮಾಡ್ಕೊಂಡು ಹೋಗು."

"ಹೊಂಟವನಿಗೆ ತಡೀತೀಯಲ್ಲೇ!" ಅಮ್ಮ ಒಳಗಿಂದ ಓಡಿ ಬಂದಳು. ಹೊರಟವರನ್ನು ತಡೆಯಬಾರದು, ಹಿಂದಿನಿಂದ ಕರೆಯಬಾರದು. ಅವಳು ನನ್ನ ಕೈ ಬಿಡಿಸಿ, ಅಣ್ಣನ ಬಾಯಿಗೆ ಸಕ್ಕರೆ ಹಾಕಿದಳು.

"ದುವಾ ಮಾಡು, ಮಾಸ್ತರಕಿ ಬಿಡು," ಅಣ್ಣ ನಕ್ಕು, ನನ್ನ ತಲೆಗೆ ಮೊಟಕಿ ಹೋದ.

ಸ್ಟೇಶನ್ನಿನ ಕಡೆಯಿಂದ ಜನರ ಕೂಗು ಕೇಳಿತು. ರೈಲಿನ ಸೀಟಿ ಕೇಳಿತು. ಆಮೇಲೆ ಸಂಜೆಯವರೆಗೆ ಏನೂ ಇಲ್ಲ.

ಸುದ್ದಿ ತಂದವನು ದಶರಥ. ಅವನ ಲಾರಿ ಸೇಡಂ ಕಡೆಯಿಂದ ಬರುತ್ತಿತ್ತು. ಅವನು ಅಂಗಡಿಯ ಮುಂದೆ ನಿಂತು ಒಳಗೆ ಬರಲಿಲ್ಲ, ಅಲ್ಲಿಂದಲೇ ಹೇಳಿದ.

"ಮಳಖೇಡದ ಈಚಿ ತಿರುವಿನ್ಯಾಗ. ರೈಲಿಗಿಂತ ಭಾಳ ಮುಂದ ಇದ್ದರು. ಮೂತಿ ಹಾದಿ ಹಿಡದು ಹೊಂಟಿತ್ತು ಫಕೀರಸಾಬ, ನಾ ಕಣ್ಣಲೆ ನೋಡೀನಿ. ಬಾಲ ತಿರುಗಿ ಬಂತು. ಹಿಂದ ಮುಂದಾಗಿ ಜಾಲಿ ಗಿಡಕ್ಕ ಹೋಗಿ ಬಡೀತು. ನಿನ್ನ ಮಗ ಹೊರಗ ಬಿದ್ದ. ಕೈ ಮ್ಯಾಲ ಗಾಡಿ ಬಿತ್ತು."

"ಸಾಹುಕಾರ್ರು?"

"ಹಣಿಗಿ ಒಂದು ಗಾಯ. ನಡ್ಕೋತ ಹೋದ್ರು."

ಕಲಬುರ್ಗಿಯ ದವಾಖಾನೆಯಲ್ಲಿ ಅಣ್ಣ ಹತ್ತೊಂಬತ್ತು ದಿನ ಇದ್ದ. ಬಲಗೈಯನ್ನು ಮೊಣಕೈಯವರೆಗೆ ತೆಗೆದರು. ಅಮ್ಮ ಅಲ್ಲೇ ಉಳಿದಳು. ಮನೆಯಲ್ಲಿ ನಾನು ರೊಟ್ಟಿ ಬಡಿದೆ, ಟ್ಯೂಬು ನೋಡಿದೆ, ದಾದಿಗೆ ನೀರು ಕಾಯಿಸಿದೆ. ಅಬ್ಬಾ ಒಂದು ಟೈರು ಹಾಕಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ನಾನು ತಾಟು ಇಟ್ಟರೆ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ. ಇಷ್ಟಾದರೂ ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ.

ಗಾಡಿ ನೋಡಲು ಸಾಹುಕಾರ ಕಲಬುರ್ಗಿಯಿಂದ ಬಂದೇಅಲಿ ಎಂಬ ಮಿಸ್ತ್ರಿಯನ್ನು ಕರೆಸಿದ್ದ. ಹೈದರಾಬಾದಿನಲ್ಲಿ ಕೆಲಸ ಕಲಿತವನು, ಬಿಳಿ ಗಡ್ಡ. ನುಜ್ಜಾದ ಗಾಡಿಯನ್ನು ಲಾರಿಯಲ್ಲಿ ಹೇರಿ ತಂದು ನಮ್ಮ ಅಂಗಡಿಯ ಎದುರೇ ಇಳಿಸಿದರು. ಅವನು ಬಗ್ಗಿ ಮುಂದಿನ ಟೈರು ನೋಡಿದ, ಹಿಂದಿನದು ನೋಡಿದ, ಎದ್ದು ನಿಂತ.

"ಇವನ್ನ ಮುಂದ ಹಾಕಿದವರು ಯಾರು?"

ಅಬ್ಬಾ ಕೈಯಲ್ಲಿದ್ದ ಟಾಮಿಯನ್ನು ಕೆಳಗಿಟ್ಟ.

"ಮುಂದಿನಾವು ನೆಲ ಕಚ್ಚಿ ಹಿಡೀತಾವ. ಹಿಂದಿನಾವು ಜಾರ್ತಾವ. ತಿರುವಿನ್ಯಾಗ ಗಾಡಿ ಇನ್ನ ಹ್ಯಾಂಗ ನಿಲ್ಲಬೇಕು? ಹವಾ ಬ್ಯಾರೆ ಕಲ್ಲಾಗಂಗ ತುಂಬೀರಿ. ಟೈರ್ ಕೂಡ ಕಾಗದ ಬಂದಿದ್ದಿಲ್ಲೇನು?"

ಸಾಹುಕಾರ ಕನ್ನಡಕ ತೆಗೆದು ಒರೆಸಿದ. ಅವನು ಕೇಳಿದ್ದ. ಅವನ ಕಿವಿಗೆ ಬೀಳುವ ಹಾಗೆಯೇ ನಾನು ಹೇಳಿದ್ದೆ.

"ಕಾಗದ ಬಂದಿತ್ರಿ," ಅಬ್ಬಾ ಅಂದ. "ಇಂಗ್ಲಿಷ್ ಕಾಗದ. ನಮ್ಮಂಥವರ ಮನ್ಯಾಗ ಓದೂರು ಯಾರದಾರ? ಯಾರಿಗೂ ಗೊತ್ತಿದ್ದಿಲ್ಲ."

"ಯಾರಿಗೆ ಗೊತ್ತಿರ್ತದ ಹೇಳ್ರಿ," ಸಾಹುಕಾರ ಕೂಡಲೇ ಅಂದ. "ಯಾರ ಮ್ಯಾಲೂ ತಪ್ಪು ಹೊರಸೂದು ಬ್ಯಾಡ. ಆಗೂದು ಆತು."

ನಾನು ಪರದೆಯ ಈಚೆ ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಬ್ಬಾ ಎಷ್ಟು ಸಲೀಸಾಗಿ ಅಂದ! ನನ್ನನ್ನು ಸಾಲೆ ಬಿಡಿಸುವಾಗಲೂ ಅಷ್ಟು ಸಲೀಸಾಗಿಯೇ ಅಂದಿದ್ದ.

ಅಣ್ಣ ಮನೆಗೆ ಬಂದ. ನೋಡಲು ಜನ ಬಂದರು. ಬಂದವರಿಗೆಲ್ಲ ಅಬ್ಬಾ ಅದನ್ನೇ ಹೇಳಿದ. ಅಮ್ಮ ಚಹಾ ಕೊಡುತ್ತ ಹೇಳಿದಳು. ದಶರಥ ಬಂದು ತಲೆ ತಗ್ಗಿಸಿ ಕುಳಿತು, "ಯಾರಿಗೆ ಗೊತ್ತಿತ್ತು ಫಕೀರಸಾಬ," ಅಂದು ಹೋದ. ಒಂದು ದಿನಕ್ಕೆ ನಾಲ್ಕು ಸಲ, ಐದು ಸಲ. ನಾನು ಚಹಾದ ಕಪ್ಪು ತೊಳೆಯುತ್ತ ಎಣಿಸುತ್ತಿದ್ದೆ.

ಒಂದು ದಿನ ಅಣ್ಣನ ಅಂಗಿಯ ತೋಳು ಮಡಚಿ ಪಿನ್ನು ಹಾಕುವಾಗ ಕೇಳಿದೆ: "ನೀನರೆ ಖರೇ ಹೇಳು. ನಾ ಹೇಳಿದ್ದೆನೋ ಇಲ್ಲೋ?"

ಅವನು ಮಡಚಿದ ತೋಳನ್ನು ನೋಡಿಕೊಂಡ. "ಈಗ ಅದರಿಂದ ನನ್ನ ಕೈ ಬರ್ತದೇನು?"

"ಇಲ್ಲ."

"ಮತ್ತ ಬಿಡು. ಅಬ್ಬಾನ ಮಾರಿ ನೋಡಿಯಿಲ್ಲೋ? ನೀ ಹೇಳಿದ್ದು ಖರೇ ಅಂದ್ರ ನನ್ನ ಕೈ ಕಡದವನು ಅಬ್ಬಾ ಅಂತಾಗ್ತದ."

"ಮತ್ತ ನಾ ಏನಾಗ್ತೀನಿ?"

ಅವನಿಗೆ ಆ ಪ್ರಶ್ನೆ ತಿಳಿಯಲಿಲ್ಲ. ಎಡಗೈಯಿಂದ ಬೀಡಿ ಹಚ್ಚಲು ಹೋದ, ಕಡ್ಡಿ ಗೀರಲು ಬರಲಿಲ್ಲ, ಪೆಟ್ಟಿಗೆ ಒಗೆದ. ನಾನು ಆರಿಸಿ, ಗೀರಿ ಕೊಟ್ಟೆ.

ನಾನು ಏನಾದೆ ಎಂಬುದು ಮುಂದಿನ ಶುಕ್ರವಾರ ಗೊತ್ತಾಯಿತು. ಅಮ್ಮನ ಅಕ್ಕ ಸರ್ವರಬೇಗಂ ಖಾಲಾ ಚಿತ್ತಾಪುರದಿಂದ ಬಂದಿದ್ದಳು. ಎಲ್ಲರೂ ಊಟಕ್ಕೆ ಕುಳಿತಿದ್ದರು. ಪುಂಡಿಪಲ್ಯ, ಬೇಳೆ, ಬಿಸಿ ರೊಟ್ಟಿ. ನಾನು ಒಲೆಯಿಂದ ರೊಟ್ಟಿ ತಂದು ತಂದು ಹಾಕುತ್ತಿದ್ದೆ. ಅಮ್ಮ ಅಣ್ಣನಿಗೆ ತುತ್ತು ಮಾಡಿ ಕೊಡುತ್ತಿದ್ದಳು.

"ಹಸೀನಾ, ನೀ ಹೇಳಿದ ಮ್ಯಾಲ ನಾ ದರ್ಗಾದಾಗ ಕೇಳ್ಸೀನಿ," ಖಾಲಾ ಅಂದಳು. "ಹೊಂಟ ಹೊತ್ತಿಗೆ ತಡದದ್ದೇ ಕಾರಣ ಅಂದ್ರು. ಮನಿಯಾಗ ಕೆಟ್ಟ ಬಾಯಿ ಅದ ಅಂದ್ರು."

ಅಮ್ಮ ನನ್ನ ಕಡೆ ನೋಡಿ ತಟ್ಟನೆ ಕಣ್ಣು ತೆಗೆದಳು.

"ಈ ಹುಡುಗಿದು ಲಗ್ನ ಮಾಡಿ ಕಳಸ್ರಿ," ಖಾಲಾ ಬೇಳೆ ಸುರುವಿಕೊಂಡಳು. "ನಮ್ಮ ಓಣ್ಯಾಗ ಒಬ್ಬ ಇದ್ದಾನ. ಹೆಂಡತಿ ಸತ್ತಾಳ, ವಯಸ್ಸು ಸ್ವಲ್ಪ ಜಾಸ್ತಿ. ಇಂಥಾ ಮಾತು ಊರಾಗ ಹಬ್ಬೂಕ್ಕಿಂತ ಮೊದ್ಲು ಮುಗಿಸಿ ಬಿಡ್ರಿ. ಬಂದೇನವಾಜ್, ಹೊಂಟಾಗ ಹೋಗಬ್ಯಾಡ ಅಂದ್ಲಂತಲ್ಲ ಇಕಿ? ಖರೇ ಏನೋ?"

"ಅಂದಿದ್ದಳು, ಖಾಲಾ," ಅಣ್ಣ ತಾಟು ನೋಡುತ್ತ ಅಂದ.

"ಯಾಕ ಅಂದಿದ್ಲಂತ ಹೇಳೋ," ದಾದಿ ಅಂದಳು. "ಅದನ್ನೂ ಹೇಳು."

ಅಣ್ಣ ಅಬ್ಬಾನ ಕಡೆ ನೋಡಿದ.

"ಆಗೂ ಹೊತ್ತಿಗೆ ಆತು," ಅಬ್ಬಾ ಅಂದ. "ಟೈರಿನ ತಪ್ಪು ಅಂತ ಆ ಮಿಸ್ತ್ರಿ ಹೇಳಿದ ಮ್ಯಾಲೇ ತಿಳೀತು. ಅಲ್ಲೀತನಕ ಯಾರಿಗೂ ಗೊತ್ತಿದ್ದಿಲ್ಲ."

ಕೈಯಲ್ಲಿದ್ದ ರೊಟ್ಟಿಯನ್ನು ನಾನು ಬುಟ್ಟಿಗೆ ಹಾಕಿದೆ. ಅಬ್ಬಾನ ಎದುರು ಬಂದು ನಿಂತೆ. ಆ ಮನೆಯಲ್ಲಿ ಊಟಕ್ಕೆ ಕೂತ ಗಂಡಸರ ಎದುರು ನಾನು ಹಾಗೆ ನಿಂತದ್ದು ಅದೇ ಮೊದಲು.

"ನನಗ ಗೊತ್ತಿತ್ತು," ಎಂದೆ. "ಅಂಗಡಿಯಾಗ ಹೇಳಿದೆ. ಇಲ್ಲೇ ಊಟಕ್ಕ ಕುಂತಾಗ ಹೇಳಿದೆ. ಹಿತ್ತಲ ಬಾಗಿಲದಾಗ ಹೇಳಿದೆ. ಮೂರು ಸಲ ನಕ್ಕರಿ. ನಕ್ಕದ್ದು ಯಾರಿಗೂ ನೆನಪಿಲ್ಲ, ತಡದದ್ದು ಮಾತ್ರ ನೆನಪದ."

"ತಾಜು!" ಅಮ್ಮ ಎದ್ದಳು.

"ಕುಂದ್ರು ಅಮ್ಮಾ. ನಾ ಪರಾಯಿ ಗಂಡಸರ ಮುಂದ ಮಾತಾಡ್ಲಿಕತ್ತಿಲ್ಲ. ನನ್ನ ಅಬ್ಬಾನ ಕೂಡ ಮಾತಾಡ್ಲಿಕತ್ತೀನಿ." ನನ್ನ ಧ್ವನಿ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. "ನಿಮ್ಮದು ತಪ್ಪಂತ ನಾ ಊರಿಗೆ ಹೇಳಂಗಿಲ್ಲ, ಅಬ್ಬಾ. ದಶರಥಗೂ ಹೇಳಂಗಿಲ್ಲ, ಸಾಹುಕಾರಗೂ ಹೇಳಂಗಿಲ್ಲ. ಲಾರಿಗೆ ಹಾಕಿದಂಗ ಹಾಕಿದ್ರಿ, ನಿಮಗ ಗೊತ್ತಿದ್ದದ್ದು ಅದೇ. ಆದ್ರ ಇನ್ನ ಮುಂದ ಯಾರೇ ಕೇಳಲಿ, 'ಯಾರಿಗೂ ಗೊತ್ತಿದ್ದಿಲ್ಲ' ಅಂತ ಅನ್ನಬ್ಯಾಡ್ರಿ."

ಖಾಲಾ ಬಾಯಿಯ ಹತ್ತಿರ ತಂದ ತುತ್ತನ್ನು ಹಾಗೆಯೇ ಹಿಡಿದಿದ್ದಳು. ಅಣ್ಣ ತಾಟಿನಿಂದ ಕಣ್ಣೆತ್ತಲಿಲ್ಲ. ಅಮ್ಮ ನಿಂತೇ ಇದ್ದಳು. ಅಬ್ಬಾ ರೊಟ್ಟಿಯ ಒಂದು ತುಂಡು ಮುರಿದ, ಪಲ್ಯಕ್ಕೆ ಹಚ್ಚಿದ, ತಿನ್ನಲಿಲ್ಲ.

ನಾನು ಕಾದೆ.

"ಅನ್ನಂಗಿಲ್ಲಂತ ಹೇಳ್ರಿ, ಅಬ್ಬಾ," ಎಂದೆ.